ಕೊಟ್ಟಿಗೆಯ ಲೆಕ್ಕಕ್ಕೆ ಬೆಳೆಯುವ ಮೆಕ್ಕೆಜೋಳ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸಾವಯವ ಡೇರಿ ಫಾರ್ಮ್‌ಗಳಲ್ಲಿ ಬೆಳೆದ ಮೆಕ್ಕೆಜೋಳದ ಹೆಚ್ಚಿನ ಪಾಲು ಮಾರುಕಟ್ಟೆಯ ಮುಖ ಕಾಣುವುದಿಲ್ಲ. ಅದು ಅದೇ ಫಾರ್ಮಿನ ಹಸುಗಳ ಹೊಟ್ಟೆ ಸೇರಿ ಹಾಲಾಗುತ್ತದೆ, ಸಗಣಿಯಾಗಿ ಮತ್ತೆ ಹೊಲಕ್ಕೆ ಬೀಳುತ್ತದೆ. ಎಕರೆಗೆ ಎಷ್ಟು ಕ್ವಿಂಟಲ್ ಬಂತು ಎಂಬ ಒಂದೇ ಅಳತೆಗೋಲಿನಿಂದ ಈ ಬೆಳೆಯನ್ನು ತೂಗಲಾಗದು. ಅದಕ್ಕಿಂತ ಹಿಂದೆ ಆ ನೆಲದಲ್ಲಿ ಏನಿತ್ತು, ಮುಂದೆ ಏನು ಬರಲಿದೆ, ಚಳಿಗಾಲದ ಆರು ತಿಂಗಳು ಕೊಟ್ಟಿಗೆಗೆ ಎಷ್ಟು ಮೇವು ಬೇಕು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ರಾಸಾಯನಿಕ ಗೊಬ್ಬರ, ಕಳೆನಾಶಕ, ಔಷಧ ಲೇಪಿಸಿದ ಬೀಜ ಈ ಮೂರನ್ನೂ ಸಾವಯವ ನಿಯಮ ದೂರವಿಟ್ಟಿದೆ. ಅವು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬೆಳೆಗಳ ಸರದಿ ಮತ್ತು ಹದ ನೋಡಿ ಮಾಡುವ ದುಡಿಮೆ ವಹಿಸಿಕೊಂಡಿವೆ.

ರಾಜ್ಯದ ನೈಋತ್ಯ ಭಾಗದ ಗುಡ್ಡ-ಕಣಿವೆಗಳ ಸೀಮೆಗೆ ಡ್ರಿಫ್ಟ್‌ಲೆಸ್ ಪ್ರದೇಶವೆಂದು ಹೆಸರು. ಹಿಮಯುಗದಲ್ಲಿ ಸುತ್ತಲಿನ ನೆಲವನ್ನೆಲ್ಲ ಉಜ್ಜಿ ಮಟ್ಟಮಾಡಿದ ಹಿಮನದಿಗಳು ಈ ಭಾಗವನ್ನು ಮುಟ್ಟಲಿಲ್ಲ. ಹೀಗಾಗಿ ಇಲ್ಲಿ ಕಡಿದಾದ ಇಳಿಜಾರುಗಳೂ ಕಿರಿದಾದ ಕಣಿವೆಗಳೂ ಉಳಿದುಕೊಂಡವು. ಇಂಥ ನೆಲದಲ್ಲಿ ಮೇಲಿಂದ ಕೆಳಕ್ಕೆ ಉಳುಮೆ ಮಾಡಿದ್ದರಿಂದ 20ನೇ ಶತಮಾನದ ಆರಂಭದ ಹೊತ್ತಿಗೆ ಹೊಲಗಳು ಕೊರಕಲು ಬಿದ್ದಿದ್ದವು. ದೇಶದ ಮೊದಲ ಜಲಾನಯನ ಸಂರಕ್ಷಣಾ ಯೋಜನೆ 1933ರಲ್ಲಿ ಇಲ್ಲಿನ ಕೂನ್ ವ್ಯಾಲಿಯಲ್ಲೇ ಶುರುವಾಯಿತು. ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ ಒಂದು ಪಟ್ಟಿ ಮೇವಿನ ಬೆಳೆ, ಒಂದು ಪಟ್ಟಿ ಮೆಕ್ಕೆಜೋಳ ಎಂದು ಬಿತ್ತುವ ಪದ್ಧತಿ ಆಗ ನೆಲೆಯೂರಿತು. ಮೆಕ್ಕೆಜೋಳದ ಪಟ್ಟಿಯಿಂದ ಹರಿದುಬರುವ ಮಣ್ಣನ್ನು ಕೆಳಗಿನ ಹುಲ್ಲಿನ ಪಟ್ಟಿ ತಡೆದು ಹಿಡಿಯುತ್ತದೆ. ಇದೇ ಸೀಮೆಯ ಲಾ ಫಾರ್ಜ್ ಎಂಬ ಪುಟ್ಟ ಊರಿನಲ್ಲಿ 1988ರಲ್ಲಿ ಕೆಲವು ರೈತರು ಸಹಕಾರ ಸಂಘವೊಂದನ್ನು ಕಟ್ಟಿದರು. ಆರ್ಗ್ಯಾನಿಕ್ ವ್ಯಾಲಿ ಎಂಬ ಹೆಸರಿನಲ್ಲಿ ಹಾಲು ಮಾರುವ ಆ ಸಂಘಕ್ಕೆ ಇಂದು ಹಲವು ರಾಜ್ಯಗಳ ಸಾವಿರಕ್ಕೂ ಹೆಚ್ಚು ಕುಟುಂಬಗಳು ಹಾಲು ಹಾಕುತ್ತವೆ.

ನಿಯಮದ ಚೌಕಟ್ಟು

ಅಮೆರಿಕದಲ್ಲಿ ಸಾವಯವ ಎಂಬ ಮುದ್ರೆಗೆ ಕಾನೂನಿನ ಬಲ ಬಂದದ್ದು 1990ರ ಕಾಯ್ದೆಯಿಂದ. ಅದರಡಿಯ ವಿವರವಾದ ನಿಯಮಗಳು 2002ರ ಅಕ್ಟೋಬರ್‌ನಲ್ಲಿ ಜಾರಿಯಾದವು. ಬೆಳೆಯನ್ನು ಸಾವಯವವೆಂದು ಕರೆಯಬೇಕಾದರೆ ಕೊಯ್ಲಿಗೆ ಹಿಂದಿನ 36 ತಿಂಗಳು ಆ ನೆಲಕ್ಕೆ ನಿಷೇಧಿತ ವಸ್ತು ಯಾವುದೂ ಸೋಕಿರಬಾರದು. ಕುಲಾಂತರಿ ಬೀಜ ಬಿತ್ತುವಂತಿಲ್ಲ, ಚರಂಡಿಯ ಕೆಸರನ್ನು ಗೊಬ್ಬರವಾಗಿ ಹಾಕುವಂತಿಲ್ಲ. ಬೀಜವೂ ಸಾವಯವದ್ದೇ ಆಗಿರಬೇಕು; ಬೇಕಾದ ತಳಿ ಸಾವಯವದಲ್ಲಿ ಸಿಗದಿದ್ದರೆ ಮಾತ್ರ ಔಷಧ ಲೇಪಿಸದ ಸಾಮಾನ್ಯ ಬೀಜಕ್ಕೆ ಅವಕಾಶವುಂಟು.

ಹಸುಗಳ ವಿಷಯದಲ್ಲಿ ಇನ್ನೊಂದು ಕಟ್ಟಳೆಯಿದೆ. 2010ರ ಮೇವುಗಾವಲು ನಿಯಮದ ಪ್ರಕಾರ ಹಸುಗಳು ವರ್ಷಕ್ಕೆ ಕನಿಷ್ಠ 120 ದಿನ ಹೊರಗೆ ಮೇಯಬೇಕು. ಆ ಅವಧಿಯಲ್ಲಿ ತಿನ್ನುವ ಒಣ ಪದಾರ್ಥದ ಲೆಕ್ಕದಲ್ಲಿ ಸರಾಸರಿ ಶೇ 30ರಷ್ಟಾದರೂ ಹುಲ್ಲುಗಾವಲಿನಿಂದಲೇ ಬರಬೇಕು. ಫಾರ್ಮಿನ ಒಳ್ಳೆಯ ನೆಲದಲ್ಲಿ ಒಂದು ಭಾಗವನ್ನು ಹುಲ್ಲಿಗೆ ಬಿಟ್ಟ ಮೇಲೆ ಉಳಿದದ್ದರಲ್ಲಿ ಮೆಕ್ಕೆಜೋಳಕ್ಕೆ ಜಾಗ ಹುಡುಕಬೇಕಾಗುತ್ತದೆ.

ಮೆಕ್ಕೆಜೋಳಕ್ಕೂ ಮೊದಲಿನ ಬೆಳೆ

ಮೆಕ್ಕೆಜೋಳ ಸಾರಜನಕವನ್ನು ಬಹಳ ಬೇಡುವ ಬೆಳೆ. ರಾಸಾಯನಿಕ ಕೃಷಿಯಲ್ಲಿ ಇದನ್ನು ಯೂರಿಯಾ ಅಥವಾ ಅಮೋನಿಯಾ ರೂಪದಲ್ಲಿ ಕೊಡುತ್ತಾರೆ. ಸಾವಯವ ಡೇರಿಯಲ್ಲಿ ಸಾರಜನಕದ ಮುಖ್ಯ ಮೂಲ ಕುದುರೆಮೆಂತೆ, ಅಂದರೆ ಲೂಸರ್ನ್. ಬಹುವಾರ್ಷಿಕವಾದ ಈ ದ್ವಿದಳ ಮೇವನ್ನು ಒಮ್ಮೆ ಬಿತ್ತಿದರೆ ಮೂರು-ನಾಲ್ಕು ವರ್ಷ, ವರ್ಷಕ್ಕೆ ಮೂರು-ನಾಲ್ಕು ಬಾರಿ ಕೊಯ್ಯುತ್ತಾರೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಹಳೆಯದಾದ ಕುದುರೆಮೆಂತೆಯನ್ನು ಉತ್ತು ಮಣ್ಣಿಗೆ ಸೇರಿಸಿದಾಗ, ದಟ್ಟವಾಗಿದ್ದ ಹೊಲವಾದರೆ ಮುಂದಿನ ಬೆಳೆಗೆ ಎಕರೆಗೆ ಸುಮಾರು 60ರಿಂದ 85 ಕಿಲೊ ಸಾರಜನಕ ಸಿಗುತ್ತದೆಂದು ಲೆಕ್ಕ. ಮೊದಲ ವರ್ಷದ ಮೆಕ್ಕೆಜೋಳಕ್ಕೆ ಇಷ್ಟೇ ಬಹುಪಾಲು ಸಾಕು. ಬೇರು-ಸೊಪ್ಪು ಕೊಳೆತು ಸಾರಜನಕ ಬಿಡುಗಡೆಯಾಗುವ ಜೂನ್-ಜುಲೈ ತಿಂಗಳಲ್ಲೇ ಮೆಕ್ಕೆಜೋಳವೂ ಅದನ್ನು ಹೆಚ್ಚು ಹೀರುವುದರಿಂದ ಪೋಲಾಗುವುದು ಕಡಿಮೆ.

ಈ ಸರದಿಗೆ ಇನ್ನೊಂದು ಕಾರಣವೂ ಇದೆ. ಕುದುರೆಮೆಂತೆ ತನ್ನದೇ ಸಸಿಗಳಿಗೆ ನಂಜಾಗುವ ಸಂಯುಕ್ತಗಳನ್ನು ಮಣ್ಣಿನಲ್ಲಿ ಬಿಡುತ್ತದೆ. ಹಳೆಯ ಹೊಲವನ್ನು ಉತ್ತು ತಕ್ಷಣ ಅಲ್ಲೇ ಮತ್ತೆ ಬಿತ್ತಿದರೆ ಹೊಸ ಸಸಿಗಳು ಏಳುವುದಿಲ್ಲ, ಎದ್ದರೂ ಸೊರಗುತ್ತವೆ. ನಡುವೆ ಒಂದೆರಡು ವರ್ಷ ಬೇರೆ ಬೆಳೆ ಬರಲೇಬೇಕು. ಮೆಕ್ಕೆಜೋಳಕ್ಕೆ ಕುದುರೆಮೆಂತೆಯ ಸಾರ ಬೇಕು, ಕುದುರೆಮೆಂತೆಗೆ ಮೆಕ್ಕೆಜೋಳ ಕೊಡುವ ಬಿಡುವು ಬೇಕು. ಸಾಮಾನ್ಯವಾಗಿ ಕಾಣುವ ಸರದಿ ಹೀಗಿದೆ: ಮೂರು ವರ್ಷ ಕುದುರೆಮೆಂತೆ ಮತ್ತು ಹುಲ್ಲಿನ ಮಿಶ್ರಣ, ಬಳಿಕ ಒಂದು ಅಥವಾ ಎರಡು ವರ್ಷ ಮೆಕ್ಕೆಜೋಳ, ಅದಾದ ಮೇಲೆ ಒಂದು ವರ್ಷ ಓಟ್ಸ್. ಓಟ್ಸ್ ಜೊತೆಗೇ ಕುದುರೆಮೆಂತೆಯ ಬೀಜವನ್ನೂ ಚೆಲ್ಲುತ್ತಾರೆ. ಓಟ್ಸ್ ಕಟಾವಾಗುವಷ್ಟರಲ್ಲಿ ಅದರ ನೆರಳಿನಲ್ಲಿ ಕುದುರೆಮೆಂತೆ ಬೇರೂರಿರುತ್ತದೆ.

ಎರಡನೇ ವರ್ಷದ ಮೆಕ್ಕೆಜೋಳಕ್ಕೆ ಕೊಟ್ಟಿಗೆಯ ಗೊಬ್ಬರವೇ ಆಸರೆ. ಹಾಲು ಕೊಡುವ ಹೋಲ್‌ಸ್ಟೀನ್ ಹಸು ದಿನಕ್ಕೆ 50 ಕಿಲೊಗೂ ಹೆಚ್ಚು ಸಗಣಿ-ಗಂಜಲ ಹಾಕುತ್ತದೆ. ಅದರ ಸಾರಜನಕದಲ್ಲಿ ಸ್ವಲ್ಪ ಭಾಗವಷ್ಟೇ ಮೊದಲ ವರ್ಷ ಬೆಳೆಗೆ ದಕ್ಕುತ್ತದೆ, ಉಳಿದದ್ದು ಮುಂದಿನ ವರ್ಷಗಳಿಗೆ ಬಿಡುಗಡೆಯಾಗುತ್ತ ಹೋಗುತ್ತದೆ. ಮನುಷ್ಯರು ತಿನ್ನುವ ಬೆಳೆಗೆ ಹಸಿ ಗೊಬ್ಬರ ಹಾಕಿದರೆ ಕೊಯ್ಲಿಗೆ ಮುನ್ನ 90 ಅಥವಾ 120 ದಿನಗಳ ಅಂತರವಿರಬೇಕೆಂದು ನಿಯಮ ಹೇಳುತ್ತದೆ. ಮೇವಿನ ಬೆಳೆಗೆ ಈ ತಡೆಯಿಲ್ಲ.

ತಡವಾಗಿ ಬಿತ್ತುವುದೇ ಲೇಸು

ವಿಸ್ಕಾನ್ಸಿನ್‌ನಲ್ಲಿ ಮೇ ತಿಂಗಳ ಮೊದಲ ಭಾಗದವರೆಗೂ ಇಬ್ಬನಿ ಹೆಪ್ಪುಗಟ್ಟುವ ಭಯವಿರುತ್ತದೆ. ಸೆಪ್ಟೆಂಬರ್ ಕೊನೆಗೆ ಆ ಚಳಿ ಮತ್ತೆ ಬಾಗಿಲಿಗೆ ಬಂದಿರುತ್ತದೆ. ನಡುವಿನ ನಾಲ್ಕೂವರೆ ತಿಂಗಳಿನಲ್ಲಿ ಬೆಳೆ ಮುಗಿಯಬೇಕು. ಶಿಲೀಂಧ್ರನಾಶಕ ಲೇಪಿಸಿದ ಬೀಜವುಳ್ಳ ರೈತರು ಏಪ್ರಿಲ್ ಕೊನೆಯಲ್ಲೇ ಬಿತ್ತನೆಗೆ ಇಳಿಯುತ್ತಾರೆ. ಸಾವಯವ ರೈತರು ಮಾತ್ರ ಮೇ ಮಧ್ಯದ ನಂತರವೇ ಕೂರಿಗೆ ಹೂಡುತ್ತಾರೆ.

ಈ ತಡಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ಮಣ್ಣಿನ ಕಾವು. ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೀಜ ಮೊಳೆಯುತ್ತದಾದರೂ ಬಹಳ ನಿಧಾನ. ಲೇಪನವಿಲ್ಲದ ಬೀಜ ತಣ್ಣನೆಯ ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಬಿದ್ದಿದ್ದರೆ ಕೊಳೆಯುತ್ತದೆ. ಮಣ್ಣು 15 ಡಿಗ್ರಿ ದಾಟಿದ ಮೇಲೆ ಬಿತ್ತಿದರೆ ಸಸಿ ಬೇಗ ಮೇಲೇಳುತ್ತದೆ. ಎರಡನೆಯದು ಬೀಜ ಕೊರೆಯುವ ಒಂದು ಜಾತಿಯ ನೊಣದ ಹುಳು. ಹಸಿ ಸೊಪ್ಪನ್ನು ಆಗಷ್ಟೇ ಉತ್ತ ಹೊಲದ ವಾಸನೆಗೆ ಈ ನೊಣಗಳು ಮುತ್ತಿ ಮೊಟ್ಟೆಯಿಡುತ್ತವೆ. ಉಳುಮೆಗೂ ಬಿತ್ತನೆಗೂ ನಡುವೆ ಎರಡು-ಮೂರು ವಾರ ಬಿಟ್ಟರೆ ಹುಳು ಕೋಶಾವಸ್ಥೆಗೆ ಹೋಗಿ ಬೀಜ ಬಚಾವಾಗುತ್ತದೆ. ಮೂರನೆಯದು ಕಳೆ. ಹೊಲ ಹದ ಮಾಡಿ ಹತ್ತು ದಿನ ಬಿಟ್ಟರೆ ಮೊದಲ ಸರದಿಯ ಕಳೆಬೀಜಗಳು ಮೊಳೆಯುತ್ತವೆ. ಬಿತ್ತನೆಗೆ ಸ್ವಲ್ಪ ಮೊದಲು ತೆಳುವಾಗಿ ಕುಂಟೆ ಹೊಡೆದು ಅವನ್ನು ಮುಗಿಸಬಹುದು. ಕುಂಟೆ ಆಳಕ್ಕಿಳಿದರೆ ಕೆಳಗಿನ ಹೊಸ ಕಳೆಬೀಜಗಳು ಮೇಲೆ ಬರುವುದರಿಂದ ಹಲ್ಲುಗಳು ಮೇಲ್ಮಣ್ಣನ್ನಷ್ಟೇ ಕೆದಕಬೇಕು.

ಸಾಲಿನಿಂದ ಸಾಲಿಗೆ ಸುಮಾರು 76 ಸೆಂ.ಮೀ., ಆಳ 5 ಸೆಂ.ಮೀ. ಇದು ರೂಢಿಯ ಅಳತೆ. ಎಕರೆಗೆ 30 ಸಾವಿರದ ಆಸುಪಾಸಿನಲ್ಲಿ ಗಿಡಗಳು ನಿಲ್ಲಬೇಕೆಂಬ ಅಂದಾಜಿನಲ್ಲಿ, ಶೇ 5ರಿಂದ 10ರಷ್ಟು ಬೀಜವನ್ನು ಹೆಚ್ಚಾಗಿಯೇ ಬಿತ್ತುತ್ತಾರೆ. ಮುಂದೆ ಕಳೆ ತೆಗೆಯುವ ಯಂತ್ರಗಳು ಒಂದಷ್ಟು ಸಸಿಗಳನ್ನೂ ಕಿತ್ತುಹಾಕುತ್ತವೆ ಎಂಬುದು ಮೊದಲೇ ಗೊತ್ತಿರುತ್ತದೆ.

ಐದು ವಾರಗಳ ಕಳೆ ಸಮರ

ಮೆಕ್ಕೆಜೋಳದ ಜೊತೆಗೇ ಹುಟ್ಟಿ ಮೊದಲ ನಾಲ್ಕೈದು ವಾರ ಉಳಿದುಕೊಂಡ ಕಳೆಯೇ ಇಳುವರಿಯನ್ನು ಹೆಚ್ಚು ತಿನ್ನುವುದು. ಸಾಲುಗಳ ನಡುವೆ ಎಲೆ ಕೂಡಿಕೊಂಡು ನೆಲಕ್ಕೆ ನೆರಳು ಬಿದ್ದ ಮೇಲೆ ಹುಟ್ಟುವ ಕಳೆಯಿಂದ ಅಷ್ಟು ಹಾನಿಯಿಲ್ಲ. ಸಾವಯವ ರೈತರ ಶ್ರಮವೆಲ್ಲ ಈ ಐದು ವಾರಗಳಿಗೆ ಮೀಸಲು. ನವಣೆಯ ಕುಲಕ್ಕೆ ಸೇರಿದ ಫಾಕ್ಸ್‌ಟೈಲ್ ಹುಲ್ಲು, ದಂಟು-ಕೀರೆಯ ಜಾತಿಯ ಗಿಡಗಳು, ಉತ್ತರ ಭಾರತದಲ್ಲಿ ಬಥುವಾ ಎಂದು ಸೊಪ್ಪಿಗೆ ಬಳಸುವ ಗಿಡ ಇಲ್ಲಿನ ಹೊಲಗಳ ಮುಖ್ಯ ಕಳೆಗಳು.

ಬಿತ್ತಿದ ಮೂರರಿಂದ ಐದು ದಿನಕ್ಕೆ, ಸಸಿ ಇನ್ನೂ ನೆಲದೊಳಗಿರುವಾಗಲೇ ಮೊದಲ ಸುತ್ತು. ಸಾಲನ್ನೂ ಸೇರಿಸಿ ಇಡೀ ಹೊಲದ ಮೇಲೆ ಯಂತ್ರ ಓಡಿಸುತ್ತಾರೆ. ಚಮಚದಂತೆ ಬಾಗಿದ ತುದಿಗಳುಳ್ಳ ಚಕ್ರಗಳ ಸಾಲು, ರೋಟರಿ ಹೋ, ಟ್ರ್ಯಾಕ್ಟರ್ ಹಿಂದೆ ಗಂಟೆಗೆ 15 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಓಡುತ್ತ ಮೇಲ್ಮಣ್ಣನ್ನು ಚಿಮ್ಮಿಸುತ್ತದೆ. ಇನ್ನೊಂದು ಸಾಧನ ತೆಳುವಾದ ಉಕ್ಕಿನ ಹಲ್ಲುಗಳ ಬಾಚಣಿಗೆ ಹಲುಬೆ. ಬೀಜ 5 ಸೆಂ.ಮೀ. ಆಳದಲ್ಲಿದ್ದು ಸುರಕ್ಷಿತ, ಮೇಲಿನ ಒಂದೆರಡು ಸೆಂ.ಮೀ.ನಲ್ಲಿ ಬಿಳಿ ಎಳೆಯಾಗಿ ಮೊಳೆಯುತ್ತಿರುವ ಕಳೆ ಬುಡ ಕಳಚಿಕೊಂಡು ಬಿಸಿಲಿಗೆ ಒಣಗುತ್ತದೆ. ಕಳೆಗೆ ಎರಡೆಲೆ ಬಿಟ್ಟಿತೆಂದರೆ ಈ ಯಂತ್ರಕ್ಕೆ ಅದು ಜಗ್ಗುವುದಿಲ್ಲ. ಬಿಸಿಲು-ಗಾಳಿಯಿರುವ ನಡುಹಗಲು ಇದಕ್ಕೆ ಹದವಾದ ಹೊತ್ತು. ಮೋಡ ಕವಿದ ದಿನ ಮಾಡಿದರೆ ಕಿತ್ತ ಕಳೆ ಮತ್ತೆ ಬೇರು ಬಿಡುತ್ತದೆ.

ಸಸಿ ಮೇಲೆ ಬಂದ ಬಳಿಕವೂ ಒಂದೆರಡು ಬಾರಿ ಇದೇ ಕೆಲಸ ನಡೆಯುತ್ತದೆ. ಮೆಕ್ಕೆಜೋಳಕ್ಕೆ ಐದಾರು ಎಲೆ ಬರುವ ತನಕ ಅದರ ಬೆಳೆಯುವ ಸುಳಿ ನೆಲದ ಕೆಳಗೇ ಇರುತ್ತದೆ. ಎಲೆ ಹರಿದರೂ ಗಿಡ ಚಿಗುರಿಕೊಳ್ಳುತ್ತದೆ. ಅನಂತರ ಎಡೆಕುಂಟೆಯ ಸರದಿ. ಮೊದಲ ಎಡೆಗೆ ಮಣ್ಣು ಸಸಿಯ ಮೇಲೆ ಬೀಳದಂತೆ ತಗಡಿನ ಮರೆ ಕಟ್ಟಿ ನಿಧಾನವಾಗಿ ಹೋಗುತ್ತಾರೆ. ಗಿಡ ಮೊಣಕಾಲುದ್ದ ಬಂದಾಗ ಹೊಡೆಯುವ ಕೊನೆಯ ಎಡೆಯಲ್ಲಿ ವೇಗ ಹೆಚ್ಚಿಸಿ, ಮಣ್ಣನ್ನು ಬೇಕೆಂದೇ ಬುಡಕ್ಕೆ ಏರಿಸುತ್ತಾರೆ. ಗಿಡಗಳ ನಡುವೆ, ಸಾಲಿನಲ್ಲೇ ಹುಟ್ಟಿದ ಸಣ್ಣ ಕಳೆ ಆ ಮಣ್ಣಿನಡಿ ಹೂತುಹೋಗುತ್ತದೆ. ಕೆಲವರು ಪ್ರೊಪೇನ್ ಅನಿಲದ ಜ್ವಾಲೆಯಿಂದ ಕಳೆ ಬಾಡಿಸುವುದೂ ಉಂಟು. ಅದಕ್ಕೆ ನಿಯಮದಲ್ಲಿ ಅನುಮತಿಯಿದೆ.

ಇದೆಲ್ಲಕ್ಕೂ ಮಳೆ ಬಿಡುವು ಕೊಡಬೇಕು. ವಾರವಿಡೀ ಸುರಿದರೆ ಟ್ರ್ಯಾಕ್ಟರ್ ಹೊಲಕ್ಕೆ ಇಳಿಯುವುದಿಲ್ಲ, ಕಳೆ ಹದ ಮೀರುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಎರಡು ಕಡೆ ನಡೆಸಿದ ದೀರ್ಘಾವಧಿ ಪ್ರಯೋಗದ 1990ರಿಂದ 2002ರವರೆಗಿನ ಅಂಕಿಗಳು ಇದನ್ನೇ ತೋರಿಸಿವೆ. ಕಳೆ ಕೈಗೆ ಸಿಕ್ಕ ವರ್ಷಗಳಲ್ಲಿ ಸಾವಯವ ಮೆಕ್ಕೆಜೋಳ ಮತ್ತು ಸೋಯಾ ಇಳುವರಿ ರಾಸಾಯನಿಕ ಬೇಸಾಯದ ಶೇ 99ರಷ್ಟಿತ್ತು. ವಸಂತದ ಮಳೆಯಿಂದ ಎಡೆ ಹೊಡೆಯಲಾಗದ ಸಂದರ್ಭಗಳಲ್ಲಿ ಅದು ಶೇ 74ಕ್ಕೆ ಇಳಿಯಿತು. ಒಟ್ಟು ಪ್ರಕರಣಗಳಲ್ಲಿ ಸುಮಾರು ಮೂರನೇ ಒಂದರಷ್ಟು ಈ ಎರಡನೇ ಗುಂಪಿಗೆ ಸೇರಿದ್ದವು. ಗೊಬ್ಬರಕ್ಕಿಂತ, ಕೀಟಕ್ಕಿಂತ ಕಳೆಯ ಹದವೇ ಸಾವಯವ ಮೆಕ್ಕೆಜೋಳದ ಭವಿಷ್ಯ ಬರೆಯುತ್ತದೆ.

ಪಕ್ಕದ ಹೊಲದ ಪರಾಗ, ಪಕ್ಕದ ಹೊಲದ ಉಪಕಾರ

ಅಮೆರಿಕದಲ್ಲಿ ಬಿತ್ತುವ ಮೆಕ್ಕೆಜೋಳದಲ್ಲಿ ಶೇ 90ಕ್ಕೂ ಹೆಚ್ಚು ಕುಲಾಂತರಿ. ಕಾಂಡಕೊರಕವನ್ನು ಕೊಲ್ಲುವ ಬಿಟಿ ತಳಿ 1996ರಲ್ಲಿ, ಗ್ಲೈಫೋಸೇಟ್ ಕಳೆನಾಶಕವನ್ನು ತಾಳಿಕೊಳ್ಳುವ ತಳಿ 1998ರಲ್ಲಿ ಮಾರುಕಟ್ಟೆಗೆ ಬಂದವು. ಮೆಕ್ಕೆಜೋಳದ ಪರಾಗ ಗಾಳಿಯಲ್ಲಿ ಹರಡುತ್ತದೆ. ಕಣಗಳು ಭಾರವಾದ್ದರಿಂದ ಬಹುಪಾಲು ಹತ್ತಿಪ್ಪತ್ತು ಮೀಟರ್ ಒಳಗೇ ಬೀಳುತ್ತವಾದರೂ ಕೆಲವು ನೂರಾರು ಮೀಟರ್ ಹೋಗಬಲ್ಲವು. ಹಾಗೆ ಬಂದು ತೆನೆಯ ರೇಷ್ಮೆಯೆಳೆಗೆ ಅಂಟಿದ ಒಂದು ಕಣ ಒಂದು ಕಾಳನ್ನು ಕುಲಾಂತರಿಯಾಗಿಸುತ್ತದೆ. ಇದನ್ನು ತಪ್ಪಿಸಲು ಸಾವಯವ ರೈತರು ಗಡಿಯಲ್ಲಿ ಒಂದಷ್ಟು ಜಾಗ ಬಿಟ್ಟು, ಆ ಅಂಚಿನ ಸಾಲುಗಳನ್ನು ಬೇರೆಯಾಗಿ ಕೊಯ್ಯುತ್ತಾರೆ. ತಡವಾದ ಬಿತ್ತನೆ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ: ನೆರೆಯ ಹೊಲದ ಸೂಲಂಗಿ ಪರಾಗ ಉದುರಿಸಿ ಮುಗಿಸಿದ ಮೇಲೆ ಇಲ್ಲಿನ ತೆನೆಗಳು ಎಳೆ ಹೊರಹಾಕುತ್ತವೆ. ಅನ್ಯ ಪರಾಗವನ್ನು ತಿರಸ್ಕರಿಸುವ ಸಹಜ ಗುಣವುಳ್ಳ ತಳಿಗಳನ್ನೂ ಸಾಂಪ್ರದಾಯಿಕ ಸಂಕರಣದಿಂದ ರೂಪಿಸಲಾಗಿದೆ. ಭಾರತದಲ್ಲಿ ಕುಲಾಂತರಿ ಮೆಕ್ಕೆಜೋಳದ ವಾಣಿಜ್ಯ ಬೇಸಾಯಕ್ಕೆ ಅನುಮತಿ ಇಲ್ಲದ ಕಾರಣ ಇಲ್ಲಿನ ಸಾವಯವ ಬೆಳೆಗಾರರಿಗೆ ಈ ತಲೆಬಿಸಿಯಿಲ್ಲ.

ಕೀಟಗಳ ಲೆಕ್ಕ ಬೇರೆಯದೇ. ಅಮೆರಿಕದ ಮೆಕ್ಕೆಜೋಳಕ್ಕೆ ದೊಡ್ಡ ಪೀಡೆಯಾದ ಬೇರುಹುಳು ಆಗಸ್ಟ್‌ನಲ್ಲಿ ಮೆಕ್ಕೆಜೋಳದ ಹೊಲದಲ್ಲೇ ಮೊಟ್ಟೆಯಿಡುತ್ತದೆ. ಮುಂದಿನ ಬೇಸಿಗೆಯಲ್ಲಿ ಹೊರಬರುವ ಮರಿಗೆ ಮೆಕ್ಕೆಜೋಳದ ಬೇರಲ್ಲದೆ ಬೇರೆ ಆಹಾರ ಒಗ್ಗುವುದು ಕಡಿಮೆ. ಅಷ್ಟರಲ್ಲಿ ಹೊಲದಲ್ಲಿ ಓಟ್ಸ್ ಅಥವಾ ಕುದುರೆಮೆಂತೆ ಇದ್ದರೆ ಮರಿಗಳು ಹಸಿದು ಸಾಯುತ್ತವೆ. ಯುರೋಪಿನ ಕಾಂಡಕೊರಕದ ವಿಷಯದಲ್ಲಿ ಸಾವಯವ ರೈತರಿಗೆ ಅನಿರೀಕ್ಷಿತ ಸಹಾಯ ಸಿಕ್ಕಿತು. ಬಿಟಿ ಬೆಳೆ ವ್ಯಾಪಕವಾದ ಮೇಲೆ ಇಡೀ ಪ್ರದೇಶದಲ್ಲೇ ಈ ಕೊರಕದ ಸಂಖ್ಯೆ ಕುಸಿಯಿತು. 2010ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ವಿಸ್ಕಾನ್ಸಿನ್ ಸೇರಿ ಐದು ರಾಜ್ಯಗಳಲ್ಲಿ 14 ವರ್ಷಗಳಲ್ಲಿ ಆದ ಲಾಭವನ್ನು ಸುಮಾರು 680 ಕೋಟಿ ಡಾಲರ್ ಎಂದು ಅಂದಾಜಿಸಿತು. ಅದರಲ್ಲಿ ಹೆಚ್ಚಿನ ಪಾಲು, ಸುಮಾರು 430 ಕೋಟಿ ಡಾಲರ್, ಬಿಟಿ ಬೆಳೆಯದವರಿಗೇ ಸಂದಿತ್ತು.

ಚಳಿಯೂ ಒಂದು ರಕ್ಷಣೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಪತ್ತೆಯಾಗಿ ಭಾರತದ ತುಂಬ ಹಬ್ಬಿದ ಫಾಲ್ ಸೈನಿಕ ಹುಳು ಮೂಲತಃ ಅಮೆರಿಕ ಖಂಡದ್ದು. ವಿಸ್ಕಾನ್ಸಿನ್‌ನ ಚಳಿಗಾಲವನ್ನು ಅದು ದಾಟಲಾರದು. ಪ್ರತಿ ವರ್ಷ ದಕ್ಷಿಣದ ಬೆಚ್ಚನೆಯ ರಾಜ್ಯಗಳಿಂದ ಅದು ಹೊಸದಾಗಿ ಹಾರಿಬರಬೇಕು. ವರ್ಷವಿಡೀ ಹಸಿರಿರುವ ಕರ್ನಾಟಕದಲ್ಲಿ ಅದಕ್ಕೆ ಅಂಥ ಅಡ್ಡಿಯಿಲ್ಲ.

ರಸಮೇವಿನ ಕೊಯ್ಲು

ಡೇರಿಯ ಮೆಕ್ಕೆಜೋಳದಲ್ಲಿ ದೊಡ್ಡ ಪಾಲನ್ನು ಕಾಳಾಗುವ ತನಕ ಬಿಡದೆ, ದಂಟು-ಎಲೆ-ತೆನೆ ಸಮೇತ ಕತ್ತರಿಸಿ ರಸಮೇವು, ಅಂದರೆ ಸೈಲೇಜ್ ಮಾಡುತ್ತಾರೆ. ಎಕರೆಗೆ 15ರಿಂದ 20 ಟನ್ ಹಸಿ ಮೇವು ಸಿಗುತ್ತದೆ. ಯಾವಾಗ ಕೊಯ್ಯಬೇಕೆಂಬುದನ್ನು ತೇವಾಂಶ ನಿರ್ಧರಿಸುತ್ತದೆ. ಇಡೀ ಗಿಡದಲ್ಲಿ ನೀರು ಸುಮಾರು ಶೇ 65ಕ್ಕೆ ಇಳಿದಿರಬೇಕು. ಶೇ 70 ಮೀರಿದ್ದರೆ ರಾಶಿಯಿಂದ ಸಾರವೆಲ್ಲ ಸೋರಿ ಹುಳಿ ಕೆಡುತ್ತದೆ. ಶೇ 60ಕ್ಕಿಂತ ಒಣಗಿದರೆ ಮೇವು ಒತ್ತಿಕೊಳ್ಳದೆ ಗಾಳಿ ಉಳಿದು ಬೂಸ್ಟು ಹಿಡಿಯುತ್ತದೆ.

ಹೊಲದಲ್ಲಿ ಅಂದಾಜು ಮಾಡಲು ತೆನೆಯನ್ನು ಅಡ್ಡಡ್ಡ ಮುರಿದು ಕಾಳನ್ನು ನೋಡುತ್ತಾರೆ. ಹೊರತುದಿಯಿಂದ ದಿಂಡಿನ ಕಡೆಗೆ ಪಿಷ್ಟ ಗಟ್ಟಿಯಾಗುತ್ತ ಬರುತ್ತದೆ. ಗಟ್ಟಿ ಭಾಗಕ್ಕೂ ಹಾಲು ತುಂಬಿದ ಭಾಗಕ್ಕೂ ನಡುವೆ ಒಂದು ಗೆರೆ ಕಾಣುತ್ತದೆ. ಆ ಗೆರೆ ಕಾಳಿನ ಅರ್ಧ ದಾಟಿತೆಂದರೆ ಕೊಯ್ಲು ಹತ್ತಿರ ಬಂತು. ತೆನೆ ಎಳೆ ಹೊರಹಾಕಿದ ಸುಮಾರು ಆರು-ಏಳು ವಾರಕ್ಕೆ ಈ ಹಂತ ಬರುತ್ತದೆ. ಗೆರೆ ಸೂಚನೆ ಮಾತ್ರ. ಒಂದಿಷ್ಟು ಗಿಡಗಳನ್ನು ಕತ್ತರಿಸಿ ಒಣಗಿಸಿ ತೂಗಿ ನೋಡಿದಾಗಲೇ ತೇವಾಂಶ ಖಚಿತ. ಅಲ್ಲಿಂದ ಮುಂದೆ ದಿನಕ್ಕೆ ಅರ್ಧ ಶೇಕಡಾದಷ್ಟು ಒಣಗುತ್ತದೆಂದು ಲೆಕ್ಕ ಹಾಕಿ ಯಂತ್ರಕ್ಕೆ ದಿನ ಗೊತ್ತುಮಾಡುತ್ತಾರೆ.

ಕೊಯ್ಯುವ ಯಂತ್ರ ಗಿಡವನ್ನು ಒಂದರಿಂದ ಎರಡು ಸೆಂ.ಮೀ. ತುಂಡುಗಳಾಗಿ ಕತ್ತರಿಸುತ್ತದೆ. ದೊಡ್ಡ ಯಂತ್ರಗಳಲ್ಲಿ ಕತ್ತರಿಸಿದ ಮೇವು ಒಂದರಿಂದ ಮೂರು ಮಿ.ಮೀ. ಸಂದಿಯಿರುವ ಎರಡು ಉರುಳೆಗಳ ನಡುವೆ ಹಾಯುವಾಗ ಪ್ರತಿ ಕಾಳೂ ಒಡೆಯುತ್ತದೆ. ಒಡೆಯದ ಕಾಳು ಹಸುವಿನ ಹೊಟ್ಟೆಯಲ್ಲಿ ಜೀರ್ಣವಾಗದೆ ಸಗಣಿಯಲ್ಲೇ ಹೊರಬೀಳುತ್ತದೆ. ಕತ್ತರಿಸಿದ ಮೇವನ್ನು ತಡಮಾಡದೆ ಕಾಂಕ್ರೀಟ್ ಗೋಡೆಗಳ ನಡುವಿನ ಬಂಕರಿಗೆ ಸುರಿದು, 15 ಸೆಂ.ಮೀ. ಪದರಗಳಾಗಿ ಹರಡಿ, ಭಾರದ ಟ್ರ್ಯಾಕ್ಟರ್ ಓಡಿಸಿ ತುಳಿಸುತ್ತಾರೆ. ಗಂಟೆಗೆ ಬರುವ ಪ್ರತಿ ಟನ್ ಮೇವಿಗೆ 400 ಕಿಲೊದಷ್ಟು ಟ್ರ್ಯಾಕ್ಟರ್ ತೂಕ ಬೇಕೆಂಬುದು ರೂಢಿಯ ಲೆಕ್ಕ. ಆಮೇಲೆ ಪ್ಲಾಸ್ಟಿಕ್ ಹೊದಿಸಿ, ಮೇಲೆ ಹಳೆಯ ಟೈರುಗಳನ್ನು ಹೇರುತ್ತಾರೆ.

ಒಳಗೆ ನಡೆಯುವುದು ಹುಳಿ ಬರುವ ಕ್ರಿಯೆ. ಉಳಿದ ಅಲ್ಪಸ್ವಲ್ಪ ಆಮ್ಲಜನಕವನ್ನು ಸಸ್ಯದ ಜೀವಕೋಶಗಳು ಕೆಲವು ಗಂಟೆಗಳಲ್ಲಿ ಮುಗಿಸುತ್ತವೆ. ನಂತರ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಗಿಡದ ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತವೆ. ಎರಡು-ಮೂರು ವಾರಗಳಲ್ಲಿ ಪಿಎಚ್ 4ರ ಹತ್ತಿರಕ್ಕೆ ಇಳಿದು, ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬದುಕುಳಿಯಲಾಗದ ಸ್ಥಿತಿ ಬರುತ್ತದೆ. ಗಾಳಿ ತಾಗದಿದ್ದರೆ ಮೇವು ವರ್ಷಗಟ್ಟಲೆ ಕೆಡದು. ಹೆಪ್ಪು ಹಾಕಿದಂತೆ ಬ್ಯಾಕ್ಟೀರಿಯಾ ಸೇರಿಸಲು ಸಾವಯವದಲ್ಲೂ ಅವಕಾಶವಿದೆ, ಅವು ಕುಲಾಂತರಿ ಆಗಿರಬಾರದಷ್ಟೇ. ಬಂಕರನ್ನು ತೆರೆದ ಮೇಲೆ ಬೇಸಿಗೆಯಲ್ಲಿ ದಿನಕ್ಕೆ ಕನಿಷ್ಠ 15 ಸೆಂ.ಮೀ.ನಷ್ಟಾದರೂ ಮುಖಭಾಗವನ್ನು ಕೆರೆದು ತೆಗೆಯುತ್ತಿರಬೇಕು. ನಿಧಾನಿಸಿದರೆ ಗಾಳಿ ಒಳನುಗ್ಗಿ ಮೇವು ಬಿಸಿಯೇರುತ್ತದೆ.

ಇದರಲ್ಲೊಂದು ಪ್ರಾಣಾಪಾಯವೂ ಅಡಗಿದೆ. ಮೊದಲ ಮೂರು ವಾರ, ಅದರಲ್ಲೂ ಮೊದಲ ಕೆಲವು ದಿನ, ಗಿಡದಲ್ಲಿದ್ದ ನೈಟ್ರೇಟಿನಿಂದ ನೈಟ್ರೋಜನ್ ಡೈಆಕ್ಸೈಡ್ ಅನಿಲ ಹುಟ್ಟುತ್ತದೆ. ಕಂದುಗೆಂಪು ಬಣ್ಣ, ಬ್ಲೀಚಿಂಗ್ ಪುಡಿಯ ವಾಸನೆ ಅದರ ಗುರುತು. ಗಾಳಿಗಿಂತ ಭಾರವಾದ ಈ ಅನಿಲ ಎತ್ತರದ ಸೈಲೊ ಗೋಪುರಗಳ ಒಳಗೆ ಮೇವಿನ ಮೇಲೆಯೇ ಕೂರುತ್ತದೆ. ಗೊತ್ತಿಲ್ಲದೆ ಒಳಗಿಳಿದವರು ಸತ್ತಿದ್ದಾರೆ.

ಮೆಕ್ಕೆಜೋಳವನ್ನು ಹುಳಿ ಬರಿಸಿ ಕಾಪಿಡುವ ವಿಧಾನವನ್ನು 1877ರಲ್ಲಿ ಪುಸ್ತಕವಾಗಿ ಬರೆದವರು ಫ್ರಾನ್ಸಿನ ಅಗಸ್ಟ್ ಗೋಫಾರ್. ಅಮೆರಿಕದ ಮೊದಲ ಸೈಲೊಗಳು ಚೌಕವಾಗಿದ್ದವು, ಮೂಲೆಗಳಲ್ಲಿ ಗಾಳಿ ಉಳಿದು ಮೇವು ಕೊಳೆಯುತ್ತಿತ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೃಷಿ ಭೌತವಿಜ್ಞಾನಿ ಫ್ರಾಂಕ್ಲಿನ್ ಹೈರಮ್ ಕಿಂಗ್ ದುಂಡನೆಯ ಸೈಲೊವನ್ನು ರೂಪಿಸಿ ಹರಡಿದರು. ಅದೇ ಕಿಂಗ್ 1909ರಲ್ಲಿ ಚೀನಾ, ಕೊರಿಯಾ, ಜಪಾನ್‌ಗಳಲ್ಲಿ ಸುತ್ತಿ, ಸಾವಿರಾರು ವರ್ಷ ಗೊಬ್ಬರವನ್ನು ನೆಲಕ್ಕೆ ಮರಳಿಸುತ್ತ ಬಂದ ರೈತರ ಬಗ್ಗೆ 'ಫಾರ್ಮರ್ಸ್ ಆಫ್ ಫಾರ್ಟಿ ಸೆಂಚುರೀಸ್' ಬರೆದರು. 1911ರಲ್ಲಿ ಪ್ರಕಟವಾದ ಆ ಕೃತಿ ಮುಂದೆ ಸಾವಯವ ಚಳವಳಿಯ ಮೂಲ ಓದುಗಳಲ್ಲಿ ಒಂದಾಯಿತು.

ಕರ್ನಾಟಕದಲ್ಲಿ ಮೆಕ್ಕೆಜೋಳದ ಕಾಳು ಬಹುಮಟ್ಟಿಗೆ ಕೋಳಿ ಆಹಾರ ಮತ್ತು ಪಿಷ್ಟದ ಕಾರ್ಖಾನೆಗಳಿಗೆ ಹೋಗುತ್ತದೆ. ಮೇವಿಗೆಂದು ಆಫ್ರಿಕನ್ ಟಾಲ್‌ನಂಥ ತಳಿಗಳನ್ನು ಬೇರೆಯಾಗಿ ಬೆಳೆಯುತ್ತಾರೆ. ಎರಡು-ಮೂರು ಹಸುಗಳ ಮನೆಗಳು ಗುಂಡಿಯಲ್ಲೋ ಪ್ಲಾಸ್ಟಿಕ್ ಚೀಲದಲ್ಲೋ ರಸಮೇವು ಮಾಡಿಕೊಳ್ಳುವಾಗಲೂ ತೇವಾಂಶ, ತುಳಿತ, ಗಾಳಿಯ ತಡೆ ಎಂಬ ಈ ಮೂರು ನಿಯಮ ಬದಲಾಗುವುದಿಲ್ಲ.

ಕಾಳಿನ ಕೊಯ್ಲು

ರಸಮೇವಿಗೆ ಬೇಕಾದಷ್ಟು ಕೊಯ್ದ ಮೇಲೆ ಉಳಿದ ಹೊಲವನ್ನು ಕಾಳಿಗೆ ಬಿಡುತ್ತಾರೆ. ಕಾಳಿನ ಬುಡದಲ್ಲಿ ಕಪ್ಪು ಪದರ ಮೂಡಿದಾಗ ಗಿಡದಿಂದ ಕಾಳಿಗೆ ಆಹಾರ ಹರಿಯುವುದು ನಿಲ್ಲುತ್ತದೆ. ಆಗ ಕಾಳಿನ ತೇವ ಶೇ 35ರ ಆಸುಪಾಸಿನಲ್ಲಿರುತ್ತದೆ. ಶೇ 25ರಿಂದ 32ರ ನಡುವೆ ಬಿಡಿಸಿ, ಒಡೆದು, ರಸಮೇವಿನಂತೆಯೇ ಗಾಳಿಯಾಡದಂತೆ ಹುಳಿ ಬರಿಸಿ ಇಡುವುದು ಒಂದು ದಾರಿ. ಇದಕ್ಕೆ ಒಣಗಿಸುವ ಖರ್ಚಿಲ್ಲ. ಒಣಕಾಳಾಗಿ ಕಾಪಿಡಲು ತೇವ ಶೇ 15ಕ್ಕೆ ಇಳಿಯಬೇಕು. ತಡವಾಗಿ ಬಿತ್ತಿದ ಬೆಳೆ ವಿಸ್ಕಾನ್ಸಿನ್‌ನ ಅಕ್ಟೋಬರ್ ಚಳಿಯಲ್ಲಿ ತಾನಾಗಿ ಅಷ್ಟು ಒಣಗುವುದು ಕಷ್ಟ, ಹಾಗಾಗಿ ಅನಿಲದ ಒಣಗುಯಂತ್ರ ಬೇಕಾಗುತ್ತದೆ. ಹಳೆಯ ವಿಧಾನವೂ ಪೂರ್ತಿ ಮರೆಯಾಗಿಲ್ಲ. ತೆನೆಯನ್ನು ಇಡಿಯಾಗಿ ಮುರಿದು, ಗಾಳಿಯಾಡುವ ಕಿರಿದಾದ ಪಣತದಲ್ಲಿ ತುಂಬಿ ಚಳಿಗಾಲದುದ್ದಕ್ಕೂ ಒಣಗಲು ಬಿಡುತ್ತಾರೆ. ಬೇಕಾದಾಗ ದಿಂಡು ಸಮೇತ ಅರೆದು ಹಸುಗಳಿಗೆ ಹಾಕುತ್ತಾರೆ.

ರಸಮೇವು ಕೊಯ್ದ ಹೊಲದಲ್ಲಿ ಮಣ್ಣನ್ನು ಮುಚ್ಚಲು ರವದಿಯೂ ಉಳಿದಿರುವುದಿಲ್ಲ. ಇಳಿಜಾರಿನ ನೆಲ ಹಾಗೇ ಬೋಳಾಗಿ ಚಳಿಗಾಲ ಕಳೆದರೆ ಹಿಮ ಕರಗುವಾಗ ಮಣ್ಣು ಕೊಚ್ಚಿಹೋಗುತ್ತದೆ. ಸೆಪ್ಟೆಂಬರ್‌ನಲ್ಲೇ ರೈ ಧಾನ್ಯ ಬಿತ್ತಿದರೆ ಅದು ಹಿಮದಡಿಯಲ್ಲೂ ಬದುಕಿ, ಉಳಿದ ಸಾರಜನಕವನ್ನು ಹಿಡಿದಿಟ್ಟು, ವಸಂತದಲ್ಲಿ ಮೊದಲ ಹಸಿ ಮೇವಾಗುತ್ತದೆ. ಕಾಳಿಗೆ ಬಿಟ್ಟ ಹೊಲದಲ್ಲಿ ದಂಟು ನೆಲದಲ್ಲೇ ಉಳಿಯುವುದರಿಂದ ಈ ಆತಂಕ ಕಡಿಮೆ.

ಹಸುವಿನ ಮುಂದೆ, ಲೆಕ್ಕದ ಪುಸ್ತಕದಲ್ಲಿ

ಮೆಕ್ಕೆಜೋಳದ ರಸಮೇವಿನ ಒಣ ಪದಾರ್ಥದಲ್ಲಿ ಮೂರನೇ ಒಂದರಷ್ಟು ಪಿಷ್ಟ, ಶೇ 7-8ರಷ್ಟು ಮಾತ್ರ ಪ್ರೋಟೀನ್. ಎಳೆಯ ಹುಲ್ಲು ಮತ್ತು ಕುದುರೆಮೆಂತೆಯಲ್ಲಿ ಇದು ತಿರುವುಮುರುವು: ಪ್ರೋಟೀನ್ ಧಾರಾಳ, ಶಕ್ತಿ ಕಡಿಮೆ. ವಸಂತದ ಹುಲ್ಲು ಮಾತ್ರ ತಿಂದ ಹಸುವಿನ ಮೊದಲ ಹೊಟ್ಟೆಯಲ್ಲಿ ಪ್ರೋಟೀನ್ ಬೇಗ ಒಡೆದು ಅಮೋನಿಯಾ ಆಗುತ್ತದೆ. ಅದನ್ನು ಬಳಸಿಕೊಳ್ಳಲು ಅಲ್ಲಿನ ಸೂಕ್ಷ್ಮಜೀವಿಗಳಿಗೆ ಶಕ್ತಿ ಸಾಲದೆ ಹೋದರೆ ಸಾರಜನಕ ಗಂಜಲದಲ್ಲಿ ವ್ಯರ್ಥವಾಗುತ್ತದೆ. ಜೊತೆಗೆ ಸ್ವಲ್ಪ ಮೆಕ್ಕೆಜೋಳ ಸಿಕ್ಕರೆ ಅದೇ ಪ್ರೋಟೀನ್ ಹಾಲಿಗೆ ತಿರುಗುತ್ತದೆ. ಹೆಚ್ಚಾದರೆ ಹೊಟ್ಟೆ ಹುಳಿಯಾಗಿ ಹಸು ಮೇವು ಬಿಡುತ್ತದೆ. ಹುಲ್ಲುಗಾವಲಿನ ನಿಯಮವೂ ಮೇಲ್ಮಿತಿ ಹಾಕುವುದರಿಂದ ಸಾವಯವ ಡೇರಿಯ ಮೇವಿನಲ್ಲಿ ಮೆಕ್ಕೆಜೋಳದ ಪಾಲು ದೊಡ್ಡ ಡೇರಿಗಳಿಗಿಂತ ಕಡಿಮೆಯೇ.

ಕೊಂಡು ಹಾಕಬಹುದಲ್ಲ ಎಂದರೆ, ಸಾವಯವ ಮೆಕ್ಕೆಜೋಳದ ಬೆಲೆ ಸಾಮಾನ್ಯ ಕಾಳಿನ ಸುಮಾರು ಎರಡು ಪಟ್ಟು ಇರುವುದು ವಾಡಿಕೆ. ಕೊಂಡ ಕಾಳಿನ ಮೇಲೆ ನಂಬಿಕೆಯ ಪ್ರಶ್ನೆಯೂ ಇದೆ. ಹಡಗಿನಲ್ಲಿ ಬಂದ ಸಾಮಾನ್ಯ ಮೆಕ್ಕೆಜೋಳ, ಸೋಯಾ ದಾರಿಯಲ್ಲಿ ಕಾಗದಪತ್ರದ ಮಟ್ಟಿಗೆ ಸಾವಯವವಾದ ಪ್ರಕರಣಗಳನ್ನು 2017ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಬಯಲಿಗೆಳೆಯಿತು. ಆಮದು ಮತ್ತು ದಲ್ಲಾಳಿಗಳ ಮೇಲೆ ಬಿಗಿ ತಪಾಸಣೆ ವಿಧಿಸುವ ನಿಯಮ 2024ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಸ್ವಂತ ಹೊಲದ ಮೆಕ್ಕೆಜೋಳಕ್ಕೆ ಈ ಯಾವ ಅನುಮಾನವೂ ಇಲ್ಲ.

ಎಲ್ಲರೂ ಒಂದೇ ಉತ್ತರ ಕಂಡುಕೊಂಡಿಲ್ಲ. ಕಡಿದಾದ ನೆಲವಿರುವ ಕೆಲವರು ಮೆಕ್ಕೆಜೋಳವನ್ನು ಪೂರ್ತಿ ಬಿಟ್ಟು ಹುಲ್ಲಿನ ಮೇಲೆಯೇ ಹಸು ಸಾಕುತ್ತಾರೆ. ಅವರಿಗೆ ಹಾಲಿನ ಪ್ರಮಾಣ ಕಡಿಮೆ, ಖರ್ಚೂ ಕಡಿಮೆ, ಹುಲ್ಲಿನ ಹಾಲೆಂಬ ಹೆಸರಿಗೆ ಬೆಲೆ ಹೆಚ್ಚು. ಸಮತಟ್ಟು ನೆಲವುಳ್ಳವರು ಆರು ವರ್ಷದ ಸರದಿಯಲ್ಲಿ ಎರಡು ವರ್ಷ ಮೆಕ್ಕೆಜೋಳ ಬೆಳೆಯುತ್ತಾರೆ, ಇಳಿಜಾರಿನವರು ಒಂದೇ ವರ್ಷಕ್ಕೆ ನಿಲ್ಲಿಸುತ್ತಾರೆ. ಮೂರನೆಯ ವರ್ಷವೂ ಅದೇ ನೆಲದಲ್ಲಿ ಬಿತ್ತಿದರೆ ಸಾರಜನಕ ಸಾಲದು, ಬೇರುಹುಳು ಏಳುತ್ತದೆ, ಕಳೆ ಮೇಲುಗೈಯಾಗುತ್ತದೆ. ಹೀಗಾಗಿ ಒಂದು ಫಾರ್ಮಿನಲ್ಲಿ ಎಷ್ಟು ಎಕರೆ ಮೆಕ್ಕೆಜೋಳ ಇರಬಹುದೆಂಬುದು ಎಷ್ಟು ಎಕರೆ ಕುದುರೆಮೆಂತೆ ಇದೆ ಎಂಬುದರ ಮೇಲೆ, ಕುದುರೆಮೆಂತೆಯ ವಿಸ್ತೀರ್ಣ ಕೊಟ್ಟಿಗೆಯ ಹಸುಗಳ ಸಂಖ್ಯೆಯ ಮೇಲೆ ನಿಂತಿದೆ.